ಕೊಟ್ರಮ್ಮನ ಕಾರಿನ ಹಳದಿ ದೀಪ

ತುಂಗಭದ್ರೆಯ ದಡದಲ್ಲಿ, ಹರಿಹರದ ಸೇತುವೆಗೆ ಸ್ವಲ್ಪ ದೂರದಲ್ಲಿ, ಹಯಾತ್ ಉಸ್ತಾದರ ಗ್ಯಾರೇಜಿತ್ತು. ಅವರ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಆ ನದಿಯ ಎರಡು ದಡದಲ್ಲೂ ಇಲ್ಲ. ಮೂರನೇ ದಡ ಇದ್ದಿದ್ದರೆ ಅಲ್ಲೂ ಇರುತ್ತಿರಲಿಲ್ಲ.

ಗ್ಯಾರೇಜು ಅಂದರೆ ನಾಲ್ಕು ಕಂಬ, ಮೇಲೆ ತಗಡು, ಪಕ್ಕದಲ್ಲೊಂದು ಹುಣಸೆಮರ. ಆದರೂ ಸುತ್ತಲಿನ ಮೆಕ್ಯಾನಿಕ್ಕುಗಳು ಅದನ್ನು ಮಠ ಎನ್ನುತ್ತಿದ್ದರು. ಉಸ್ತಾದ್ ಅಂದರೆ ಗುರು. ಗ್ಯಾರೇಜುಗಳಲ್ಲಿ ಗುರುವಿಗೆ ಇರುವ ಹೆಸರೇ ಅದು.

ಕಾರು ಇನ್ನೂ ಸೇತುವೆಯ ಮೇಲಿರುವಾಗಲೇ ಅದರ ಯಾವ ಬೋಲ್ಟು ಸಡಿಲಾಗಿದೆ ಎಂದು ಉಸ್ತಾದರು ಹೇಳುತ್ತಿದ್ದರು. ಒಮ್ಮೆ ಆಚೆ ದಡದಲ್ಲಿ ಕೆಮ್ಮಿದ ಲಾರಿಗೆ ಈಚೆ ದಡದಿಂದಲೇ ಮದ್ದು ಹೇಳಿದರು. ಲಾರಿಯ ಕೆಮ್ಮು ನಿಂತಿತು. ಅದರ ಡ್ರೈವರನ ಕೆಮ್ಮೂ ನಿಂತಿತು. ಇದಕ್ಕೆ ಸಾಕ್ಷಿ ನಾನೇ. ಆ ದಿನ ನಾನು ಊರಲ್ಲಿರಲಿಲ್ಲ ಎನ್ನುವುದು ಬೇರೆ ಮಾತು.

ಅವರ ಶಿಷ್ಯ ಬಕ್ಕೇಶ. ಮೂವತ್ತು ವರ್ಷದವನು, ಒಂಬತ್ತು ವರ್ಷದಿಂದ ಅವರ ಬಳಿ ಇದ್ದವನು. ಉಸ್ತಾದರು ಹೇಳಿಕೊಟ್ಟದ್ದನ್ನು ಗೆರೆ ಎಳೆದ ಹಾಗೆ ಮಾಡುತ್ತಿದ್ದ. ಜೊತೆಗೆ ಈಚೆಗೆ ಒಂದು ಸ್ಕ್ಯಾನರ್ ಕೊಂಡಿದ್ದ. ಕಾರಿಗೆ ಅದರ ವೈರು ಚುಚ್ಚಿದರೆ ಕಾಯಿಲೆಯ ಹೆಸರು ಪರದೆಯ ಮೇಲೆ ಬರುತ್ತಿತ್ತು.

ಒಂದು ಬುಧವಾರ ಬೆಳಿಗ್ಗೆ ಕೊಟ್ರಮ್ಮ ತಮ್ಮ ಬಿಳಿ ಕಾರು ತಂದು ನಿಲ್ಲಿಸಿದರು.

ಕೊಟ್ರಮ್ಮ ನದಿಯಾಚೆಯ ಹಳ್ಳಿಯವರು. ನರ್ಸಾಗಿದ್ದು ನಿವೃತ್ತರಾದವರು. ಎಲ್ಲರಿಗೂ ಈಗಲೂ ಸಿಸ್ಟರಮ್ಮ. ಅವರ ತಂಗಿ ಹಾಲಮ್ಮನ ಕಿಡ್ನಿ ಕೆಟ್ಟಿತ್ತು. ಪ್ರತಿ ಮಂಗಳವಾರ, ಶುಕ್ರವಾರ ದಾವಣಗೆರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಅದಕ್ಕೆಂದೇ ಕೊಟ್ರಮ್ಮ ಅರವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಿದ್ದರು.

ಕೀಲಿಯನ್ನು ಬಕ್ಕೇಶನ ಕೈಗೆ ಹಾಕಿದರು.

"ಇಂಜಿನ್ ಚಿತ್ರದ ಹಳದಿ ದೀಪ ಮತ್ತೆ ಹತ್ತೇತಿ ನೋಡಪ್ಪ. ನಿನ್ನೆ ಸೇತುವೆ ಮೇಲೆ ಎರಡು ಸಲ ನಿಂತುಬಿಡ್ತು. ಹಿಂದಿನ ಲಾರಿಯವನು ಬೈದನಲ್ಲ, ಅಂಥಾ ಬೈಗುಳ ಹೆರಿಗೆ ವಾರ್ಡಿನಾಗೂ ಕೇಳಿರಲಿಲ್ಲ ನಾನು."

"ಮತ್ತೆ ಕ್ಲಚ್ ಅರ್ಧ ಒತ್ತೀರಿ ನೀವು" ಅಂದ ಬಕ್ಕೇಶ. "ಹೋದ ಎರಡು ಸಲಾನೂ ಹೇಳಿದ್ನಲ್ರೀ ಸಿಸ್ಟರಮ್ಮ. ಕೆಲವರ ಕಾಲಿಗೆ ಗಾಡಿ ಒಲಿಯಂಗಿಲ್ಲ."

"ಹೌದಪ್ಪ, ಹೇಳಿದ್ದೆ. ಅದನ್ನೇ ಯೋಚನೆ ಮಾಡಿದೆ. ಶುಕ್ರವಾರ ಹತ್ತು ಗಂಟೆಗೆ ಕಾರು ಕೊಳ್ಳೋರು ಮನೆಗೆ ಬರ್ತಾರೆ, ನಾನಿಲ್ಲದಿದ್ರೂ ಪಕ್ಕದ ಮನೆಯೋರು ತೋರಿಸ್ತಾರೆ. ಅಷ್ಟರೊಳಗೆ ಆ ದೀಪ ಒಂದು ಆರಿಸಿಕೊಡು. ಕೊಂಡವರು ನನ್ನ ಬೈಬಾರದು."

ಹುಣಸೆಮರದ ಕೆಳಗಿದ್ದ ಉಸ್ತಾದರು ತಲೆಯೆತ್ತಿದರು.

"ಹಾಲಮ್ಮನ್ನ ಹೆಂಗೆ ಕರ್ಕೊಂಡು ಹೋಗ್ತೀಯಮ್ಮ?"

"ಬಸ್ಸಿನಾಗೆ, ಸಾಬ್ರೆ."

"ಡಯಾಲಿಸಿಸ್ ಮುಗಿಸಿಕೊಂಡು ಬಸ್ಸಿನಾಗೆ ನಿಂತು ಬರೋಕಾಗ್ತತಾ ಆಕಿಗೆ?"

"ಆಗಂಗಿಲ್ಲ." ಕೊಟ್ರಮ್ಮ ಸೆರಗು ಸರಿಮಾಡಿಕೊಂಡರು. "ಆದ್ರೆ ಕ್ಲಚ್ ಒತ್ತೋಕೆ ಕಾಲು ಬಾರದ ನನ್ನ ಕೈಯಾಗೆ ಸಾಯೋದಕ್ಕಿಂತ ನಿಂತ್ಕೊಂಡೇ ಬರಲಿ."

ಅಷ್ಟು ಹೇಳಿ ಬಸ್‌ಸ್ಟಾಪಿನ ಕಡೆ ನಡೆದರು.

ಬಕ್ಕೇಶ ಸ್ಕ್ಯಾನರ್ ಚುಚ್ಚಿದ. ಪರದೆ ನೋಡಿ ನಾಲಿಗೆ ಲೊಚಗುಟ್ಟಿದ.

"ಟ್ಯಾಂಕಿನ ಒತ್ತಡದ ಸೆನ್ಸರ್. ಮತ್ತೆ ಅದೇ!"

ಪೆಟ್ರೋಲ್ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಎಷ್ಟಿದೆ ಎಂದು ಅಳೆಯುವ, ಹೆಬ್ಬೆರಳಿನಷ್ಟು ದೊಡ್ಡ ಸಾಮಾನು ಅದು. ಬಕ್ಕೇಶ ಆಗಲೇ ಎರಡು ಸಲ ಅದನ್ನು ಬದಲಿಸಿದ್ದ. ಬದಲಿಸಿದಾಗಲೆಲ್ಲ ದೀಪ ಆರುತ್ತಿತ್ತು. ಕೆಲವು ವಾರಕ್ಕೆ ಮತ್ತೆ ಹತ್ತುತ್ತಿತ್ತು.

"ಉಸ್ತಾದ್, ಇನ್ನೊಂದು ಸೆನ್ಸರ್ ತರಿಸಲಾ?"

"ಕಾರಿನ ಜೊತೆ ಬಂದ ಸೆನ್ಸರ್ ಏನು ಹೇಳಿತ್ತು?"

"ಟ್ಯಾಂಕಿನಾಗೆ ಒತ್ತಡ ಸರಿ ಇಲ್ಲ ಅಂತ."

"ಅದರ ಬದಲು ಹಾಕಿದ್ದು?"

"ಅದೂ ಅದೇ ಹೇಳ್ತು."

"ಈಗ ಕೂತಿರೋದು?"

"ಇದೂ ಅದೇ ಹೇಳ್ತೈತಿ. ಅದಕ್ಕೇ ಬದಲಿಸೋಣ ಅಂದೆ."

"ಒಬ್ಬರ ಮುಖ ಒಬ್ಬರು ನೋಡದ ಮೂವರು ಒಂದೇ ಮಾತು ಹೇಳಿದರೆ ಅದಕ್ಕೆ ಏನಂತಾರೆ?"

ಬಕ್ಕೇಶ ಯೋಚಿಸಿದ.

"ಪಿತೂರಿ."

"ಸಾಕ್ಷಿ ಅಂತಾರೆ ಕಣಪ್ಪ" ಅಂದರು ಉಸ್ತಾದರು. "ಹೋಗು, ಗುಜರಿ ಡಬ್ಬ ತಾ."

ತಗಡಿನ ಡಬ್ಬದ ತಳದಲ್ಲಿ ಎರಡು ಹಳೇ ಸೆನ್ಸರ್‌ಗಳು ಸಿಕ್ಕವು. ಉಸ್ತಾದರು ಅವನ್ನು ಅಂಗಿಯ ತುದಿಯಿಂದ ಒರೆಸಿದರು.

"ಇವು ಸತ್ತಾವೆ ಅಂದಿದ್ದು ಯಾರು?"

"ಸ್ಕ್ಯಾನರ್."

"ಸರಿಯಾಗಿ ಓದು."

ಬಕ್ಕೇಶ ಪರದೆಯನ್ನು ಎರಡು ಸಲ ಓದಿದ. ತಲೆ ಕೆರೆದುಕೊಂಡ.

"ಟ್ಯಾಂಕಿನ ಒತ್ತಡದ ಲೆಕ್ಕ ಸರಿಯಿಲ್ಲ ಅಂತಷ್ಟೇ ಐತಿ. ಸೆನ್ಸರ್ ಸತ್ತೈತಿ ಅನ್ನೋದು ನಾನು ಸೇರಿಸಿದ್ದು."

"ವೈರು ಇದಕ್ಕೆ ಹಾಕು."

ಹಳೇ ಸೆನ್ಸರ್ ಒಂದನ್ನು ಕಾರಿನ ವೈರಿಗೆ ಸೇರಿಸಿ ಬಯಲಿನಲ್ಲಿ ಹಿಡಿದರು. ಬಯಲಿನ ಗಾಳಿಯಲ್ಲಿ ಅದು ಸೊನ್ನೆ ತೋರಿಸಬೇಕು. ತೋರಿಸಿತು. ಉಸ್ತಾದರು ಅದರ ಮೂತಿಗೆ ರಬ್ಬರ್ ನಳಿಕೆ ಸಿಕ್ಕಿಸಿ ಮೆಲ್ಲಗೆ ಗಾಳಿ ಎಳೆದರು. ಪರದೆಯ ಅಂಕಿ ಕೆಳಗಿಳಿಯಿತು. ಬಿಟ್ಟರು. ಸೊನ್ನೆಗೆ ಬಂತು.

ಎರಡನೆಯದೂ ಹಾಗೇ ಮಾಡಿತು.

"ಎರಡೂ ಚೆನ್ನಾಗಾವೆ ಉಸ್ತಾದ್!"

"ಜೀವ ಇರೋರನ್ನೇ ಹೂತಿದ್ದೀಯ" ಅಂದರು ಉಸ್ತಾದರು. "ಈಗ ಕಾರಿನಾಗಿರೋದಕ್ಕೆ ವೈರು ಹಾಕು. ಅಂಕಿ ನೋಡ್ತಾ ಟ್ಯಾಂಕಿನ ಮುಚ್ಚಳ ತೆಗಿ."

ಅಂಕಿ ಸೊನ್ನೆಯಿಂದ ಬಹಳ ಕೆಳಗಿತ್ತು. ಬಕ್ಕೇಶ ಮುಚ್ಚಳ ತಿರುಗಿಸಿದ.

ಹುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಮುಳುಗು ಹಾಕಿದವನು ತಲೆಯೆತ್ತಿ ಎಳೆದುಕೊಳ್ಳುವ ಉಸಿರಿನ ಹಾಗೆ. ಹುಣಸೆಮರದ ಮೇಲಿನ ಕಾಗೆಯೂ ಒಳಗೆ ಹೋಯಿತು ಎಂದು ನಾನು ಹೇಳುವುದಿಲ್ಲ. ನಾನು ಹೇಳಿದರೆ ನೀವು ನಂಬಿಬಿಡುತ್ತೀರಿ, ಅದೇ ಭಯ.

ಪರದೆಯ ಅಂಕಿ ಸೊನ್ನೆಗೆ ಬಂದು ನಿಂತಿತು.

"ಪೆಟ್ರೋಲ್ ಕಡಿಮೆಯಾದಂಗೆ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು" ಬಕ್ಕೇಶ ತನಗೆ ತಾನೇ ಹೇಳಿಕೊಂಡ. "ಬಂದಿಲ್ಲ. ಇಂಜಿನ್ ಪೆಟ್ರೋಲ್ ಎಳೀತು, ಟ್ಯಾಂಕು ಬಿಡಲಿಲ್ಲ. ಅದಕ್ಕೇ ಗಾಡಿ ನಿಂತಿದ್ದು."

ಅವನ ದನಿ ಇಳಿಯಿತು.

"ಹಂಗಾದ್ರೆ ಸಿಸ್ಟರಮ್ಮನ ಕಾಲು..."

ಉಸ್ತಾದರು ನದಿಯ ಕಡೆ ನೋಡುತ್ತಿದ್ದರು.

"ಗಾಳಿ ಬರೋ ದಾರಿ ಯಾವುದು?" ಎಂದು ಆಮೇಲೆ ಕೇಳಿದರು.

"ಇದ್ದಿಲ ಡಬ್ಬಿ."

ಟ್ಯಾಂಕಿಗೆ ಗಾಳಿ ಹೋಗಿ ಬರುವುದು ಇದ್ದಿಲ ಹರಳು ತುಂಬಿದ ಒಂದು ಡಬ್ಬಿಯ ಮೂಲಕ. ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಆ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ.

ಬಕ್ಕೇಶ ಕಾರಿನ ಕೆಳಗೆ ನುಸುಳಿದ. ಡಬ್ಬಿ ಬಿಚ್ಚಿ ತಂದ. ಒಣಗಿದ ಕೊಬ್ಬರಿ ಗಿಟುಕಿನಷ್ಟು ಹಗುರ ಇರಬೇಕಾದದ್ದು ರುಬ್ಬುಗುಂಡಿನಷ್ಟು ಭಾರ ಇತ್ತು. ನಳಿಕೆಗೆ ಬಾಯಿಟ್ಟು ಊದಿದ. ಕೆನ್ನೆ ಉಬ್ಬಿತೇ ಹೊರತು ಗಾಳಿ ದಾಟಲಿಲ್ಲ. ಡಬ್ಬಿ ಬಗ್ಗಿಸಿದ. ಪೆಟ್ರೋಲ್ ತೊಟ್ಟಿಕ್ಕಿತು.

"ಆವಿ ಹಿಡಿಯೋ ಡಬ್ಬಿ ಪೆಟ್ರೋಲ್ ಕುಡಿದೈತಿ" ಅಂದರು ಉಸ್ತಾದರು. "ಕುಡಿಸಿದವರು ಯಾರು?"

"ಬಂಕಿನ ಪಂಪು ಟಕ್ ಅಂತ ನಿಂತ ಮೇಲೂ ಕಂಠಮಟ್ಟ ತುಂಬಿಸಿದರೆ ಹಿಂಗಾಗ್ತೈತಿ." ಬಕ್ಕೇಶನ ಮುಖ ಅರಳಿತು. "ಸಿಕ್ತು ಉಸ್ತಾದ್! ಸಿಸ್ಟರಮ್ಮನೇ! ಕ್ಲಚ್ ಅಲ್ಲದಿದ್ರೆ ಪೆಟ್ರೋಲು. ನಡುದಾರಿಯಾಗೆ ಖಾಲಿಯಾದೀತು ಅಂತ ಬಾಯಿತನಕ ಹಾಕಿಸ್ತಾರೆ."

"ನೋಡೀಯಾ?"

"ನೋಡಬೇಕಾ? ಗೊತ್ತಾಗ್ತೈತಲ್ಲ."

"ಬಂಕಿಗೆ ಹೋಗಿ ಕೇಳಿಕೊಂಡು ಬಾ."

ಬಕ್ಕೇಶ ಬೈಕಿನ ಕಡೆ ಹೋದ.

"ಬೈಕ್ ಬೇಡ. ನಡ್ಕೊಂಡು ಹೋಗು."

"ಯಾಕ್ರೀ?"

"ಬೈಕಿನಾಗೆ ಹೋದರೆ ನಿನ್ನ ಉತ್ತರ ನಿನಗಿಂತ ಮೊದಲು ಮುಟ್ಟಿಬಿಡ್ತೈತಿ."

ಬಂಕಿನಲ್ಲಿ ಪೆಟ್ರೋಲ್ ಹಾಕುವ ರುದ್ರಮುನಿ ಪ್ರಶ್ನೆ ಕೇಳಿ ನಕ್ಕ.

"ಸಿಸ್ಟರಮ್ಮನಾ? ಆಯಮ್ಮ ಹಾಕಿಸೋದೇ ಹತ್ತು ಲೀಟರ್. ಹನ್ನೊಂದನೇದು ಹಾಕೋಕೆ ಹೋದ್ರೆ ಇಂಜೆಕ್ಷನ್ ಚುಚ್ಚೋ ಥರ ನೋಡ್ತಾರೆ. ಆ ಬಿಳಿ ಕಾರಿಗೆ ಕಂಠಮಟ್ಟ ಹಾಕಿಸಿದ್ದು ನೀನೇ ಅಲ್ಲೇನಲೇ? ಒಂದಲ್ಲ, ನಾಲ್ಕಾರು ಸಲ! ಹಿಂದಿನಿಂದ ಕಾರು ಅಲ್ಲಾಡಿಸ್ತೀಯ, ಗುಳ್ಳೆ ಇಳಿಯೋ ತನಕ ಕಾಯ್ತೀಯ, 'ಇನ್ನೊಂದು ಹನಿ, ಇನ್ನೊಂದು ಹನಿ' ಅಂತೀಯ. ಲಿಂಗಕ್ಕೆ ಅಭಿಷೇಕ ಮಾಡ್ದಂಗೆ!"

ಬಕ್ಕೇಶ ನಗಲಿಲ್ಲ.

ಮೂರು ತಿಂಗಳ ಹಿಂದೆ ಕೊಟ್ರಮ್ಮ ಮೊದಲ ಸಲ ಗ್ಯಾರೇಜಿಗೆ ಬಂದದ್ದು ದೀಪಕ್ಕಲ್ಲ. ಆಗ ದೀಪ ಹತ್ತಿರಲೇ ಇಲ್ಲ. "ಮೈಲೇಜ್ ಎಷ್ಟು ಬರ್ತೈತಿ ನೋಡಿ ಹೇಳಪ್ಪ" ಎಂದಷ್ಟೇ ಕೇಳಿದ್ದರು.

ಮೈಲೇಜ್ ನೋಡಲು ಆ ಗ್ಯಾರೇಜಿಗೊಂದು ಕ್ರಮವಿತ್ತು. ಕಾರು ಅಲ್ಲಾಡಿಸಿ ಟ್ಯಾಂಕಿನ ಬಾಯಿತುದಿಗೆ ತುಂಬಿಸಬೇಕು. ಓಡಿಸಬೇಕು. ಮತ್ತೆ ಅಲ್ಲಾಡಿಸಿ ಬಾಯಿತುದಿಗೆ ತುಂಬಿಸಬೇಕು. ಎರಡನೇ ಸಲ ಎಷ್ಟು ಹಿಡಿಯಿತೋ ಅಷ್ಟು ಖರ್ಚಾಗಿದೆ. ಹನಿ ತಪ್ಪದ ಲೆಕ್ಕ. ಆಗಲೂ, ಆಮೇಲೆ ಸೆನ್ಸರ್ ಬದಲಿಸಿದ ಎರಡು ಸಲವೂ ಬಕ್ಕೇಶ ಇದನ್ನು ಮಾಡಿ, ಮೈಲೇಜನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದ. ಉಸ್ತಾದರ ಗ್ಯಾರೇಜಿನಿಂದ ಹೋಗುವ ಕಾರಿಗೆ ಆ ಚೀಟಿಯೇ ಪದಕ.

ಅವನು ವಾಪಸು ಬರುವಾಗ ಮಧ್ಯಾಹ್ನವಾಗಿತ್ತು. ಉಸ್ತಾದರು ಕಾರ್ಬುರೇಟರ್ ಒಂದನ್ನು ತೊಳೆಯುತ್ತ ಕೂತಿದ್ದರು. ಎದುರಿಗೆ ಕೂತ.

"ಏನಂದ ರುದ್ರಮುನಿ?"

"ತುಂಬಿಸಿದ್ದು ನಾನೇ ಅಂದ."

"ಹೌದಾ?"

"ಹೌದ್ರಿ. ಮೈಲೇಜ್ ನೋಡೋಕೆ. ಗಾಡಿ ಅಲ್ಲಾಡಿಸಿ, ಬಾಯಿತುದಿಗೆ."

ಉಸ್ತಾದರ ಕೈ ನಿಂತಿತು.

"ಹಂಗೆ ಅಲ್ಲಾಡಿಸೋಕೆ ಯಾರು ಹೇಳಿಕೊಟ್ಟರು?"

ಬಕ್ಕೇಶ ನೆಲ ನೋಡಿದ.

"ಕೇಳಿಸಲಿಲ್ಲೇನು?"

"ಬ್ಯಾಡ ಬಿಡ್ರಿ ಉಸ್ತಾದ್."

"ಹೇಳು."

"ನೀವು."

ಇಲ್ಲಿ ನಾನೊಂದು ಸುಳ್ಳು ಸೇರಿಸಬಹುದಿತ್ತು. ಉಸ್ತಾದರಿಗೆ ಎಲ್ಲ ಮೊದಲೇ ಗೊತ್ತಿತ್ತು, ಶಿಷ್ಯನನ್ನು ಪರೀಕ್ಷಿಸುತ್ತಿದ್ದರು, ಅಷ್ಟೇ ಎಂದು ಹೇಳಬಹುದಿತ್ತು. ಗುರುಗಳ ಕಥೆಗಳು ಹೆಚ್ಚಾಗಿ ಹಾಗೇ ಇರುತ್ತವೆ.

ಅವರಿಗೆ ಗೊತ್ತಿರಲಿಲ್ಲ.

ಅವರು ಕಾರ್ಬುರೇಟರನ್ನು ಕೆಳಗಿಟ್ಟರು. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ಹಳೇ ಗಾಡಿಗಳಿಗೆ ಇದ್ದಿಲ ಡಬ್ಬಿ ಇರಲಿಲ್ಲ" ಅಂದರು.

ಬಕ್ಕೇಶ ತಲೆಯಾಡಿಸಿದ.

"ತಲೆ ಆಡಿಸಬೇಡ. ಅದು ನೆಪ."

ಗುರುವಾರ ದಾವಣಗೆರೆಯಿಂದ ಹೊಸ ಡಬ್ಬಿ ಬಂತು. ಬಕ್ಕೇಶ ಅದನ್ನು ಕೂರಿಸಿದ. ಉಸ್ತಾದರು ಗುಜರಿ ಡಬ್ಬದಿಂದ ತೆಗೆದಿದ್ದ ಹಳೇ ಸೆನ್ಸರ್‌ಗಳಲ್ಲಿ ಕಾರಿನ ಜೊತೆ ಬಂದಿದ್ದನ್ನು ಎತ್ತಿಕೊಟ್ಟರು.

"ಇದನ್ನ ಹಾಕು."

"ಹೊಸದು ಕೂತೈತಲ್ರೀ?"

"ಮೊದಲು ನಿಜ ಹೇಳಿದವನು ಮೊದಲು ಕೂರಲಿ."

ದೀಪ ಆರಿಸಿ ಸಂಜೆತನಕ ಕಾರು ಓಡಿಸಿದರು. ನಿಲ್ಲಿಸಿ ಮುಚ್ಚಳ ತೆಗೆದರು. ಹುಸ್ ಎನ್ನಲಿಲ್ಲ. ಸ್ಕ್ಯಾನರ್ ಚುಚ್ಚಿದರು. ಅದಕ್ಕೂ ಹೇಳಲು ಏನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹೊರಟರು. ಬಕ್ಕೇಶ ಓಡಿಸುತ್ತಿದ್ದ. ಸೇತುವೆಯ ನಡುವೆ ವೇಗ ತಗ್ಗಿಸಿದ.

"ಉಸ್ತಾದ್, ಡಬ್ಬಿ ಹಾಳಾಗಿತ್ತು, ಬದಲಿಸಿದ್ವಿ ಅಂದ್ರೆ ಸಾಕಲ್ರೀ? ಅದೇನು ಸುಳ್ಳಲ್ಲ."

"ಕಾರಿನಾಗೆ ಹಾಕಿದ್ದು ತೆಗೆದೆ" ಅಂದರು ಉಸ್ತಾದರು. "ಆಕಿ ಮನಸ್ಸಿನಾಗೆ ಹಾಕಿದ್ದು?"

ಕೊಟ್ರಮ್ಮನ ಮನೆ ಬಾಗಿಲಲ್ಲಿ ಹಾಲಮ್ಮ ಕೂತಿದ್ದಳು. ಮಡಿಲಲ್ಲಿ ಆಸ್ಪತ್ರೆಯ ಫೈಲು, ನೀರಿನ ಬಾಟಲಿ. ಬಸ್ಸಿಗೆ ಹೊರಟು ನಿಂತಿದ್ದರು.

ಬಕ್ಕೇಶ ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತ. ಒಂಬತ್ತು ವರ್ಷದಲ್ಲಿ ಅವನು ಅಷ್ಟು ಹೊತ್ತು ಕೈಯಲ್ಲಿ ಪಾನಾ ಹಿಡಿಯದೆ ನಿಂತದ್ದು ಅದೇ ಮೊದಲು.

"ಸಿಸ್ಟರಮ್ಮ, ದೀಪ ಹತ್ತೋಕೆ ನಾನು ಕಾರಣ. ಟ್ಯಾಂಕಿಗೆ ಹಿಡಿಸಲಾರದಷ್ಟು ತುಂಬಿಸಿದ್ದೆ, ಮೈಲೇಜ್ ನೋಡೋಕೆ. ಗಾಡಿ ನಿಂತಿದ್ದೂ ಅದಕ್ಕೇ. ನಿಮ್ಮ ಕಾಲಿನ ತಪ್ಪಲ್ಲ. ಯಾವತ್ತೂ ಅಲ್ಲ."

ಕೊಟ್ರಮ್ಮ ಅವನನ್ನು ನೋಡಿದರು.

"ಎರಡು ತಿಂಗಳಿಂದ ಮಂಚದ ಮೇಲೆ ಕೂತು ದಿಂಬು ಒತ್ತೀನಿ ನಾನು" ಅಂದರು. "ಎಡಗಾಲಿನಾಗೆ. ಕ್ಲಚ್ ಅಂದ್ಕೊಂಡು. ದಿನಾ."

"ನಾನು ನಗ್ತಿದ್ದೆ" ಅಂದಳು ಹಾಲಮ್ಮ. "ಆಮೇಲಾಮೇಲೆ ನಗೋದು ಬಿಟ್ಟೆ."

ಉಸ್ತಾದರು ಬಕ್ಕೇಶನ ಪಕ್ಕಕ್ಕೆ ಬಂದು ನಿಂತರು.

"ಹಂಗೆ ತುಂಬಿಸೋದು ಇವನಿಗೆ ಕಲಿಸಿದವನು ನಾನಮ್ಮ. ಬೈಯೋದಿದ್ರೆ ಅರ್ಧ ಈ ಕಡೆ ಕೊಡು."

"ಅರ್ಧ ಯಾಕ್ರೀ ಸಾಬ್ರೆ? ಇಬ್ಬರಿಗೂ ಪೂರ್ತಿನೇ ಕೊಡ್ತೀನಿ!"

ಕೊಟ್ಟರು. ಆ ಮಾತುಗಳನ್ನು ಇಲ್ಲಿ ಬರೆದರೆ ಕಾಗದ ಸುಡುತ್ತದೆ. ಮೂರು ಮನೆಯಾಚೆ ಕಟ್ಟಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಅದನ್ನು ಹುಡುಕಲು ಹೋದವರು ಇನ್ನೂ ಬಂದಿಲ್ಲ ಎನ್ನುತ್ತಾರೆ.

ಉಸಿರು ಕಟ್ಟಿದಾಗ ಕೊಟ್ರಮ್ಮ ನಿಲ್ಲಿಸಿದರು. ಆಗ ಹಾಲಮ್ಮ ಮೆಲ್ಲಗೆ ಎದ್ದಳು.

"ಅಕ್ಕಾ, ಹೊತ್ತಾತು. ಒಂಬತ್ತಕ್ಕೆ ನನಗೆ ಬೆಡ್ ಕೊಟ್ಟಾರೆ. ಬಸ್ಸು ಇಷ್ಟೊತ್ತಿಗೆ ಹೋಗಿರ್ತೈತಿ."

ಎಲ್ಲರೂ ಕಾರಿನ ಕಡೆ ನೋಡಿದರು.

ಉಸ್ತಾದರು ಕೀಲಿ ಮುಂದೆ ಚಾಚಿದರು. ಕೊಟ್ರಮ್ಮ ತೆಗೆದುಕೊಳ್ಳಲಿಲ್ಲ.

"ತಪ್ಪು ನಂದಲ್ಲ ಅಂತ ತಲೆಗೆ ಗೊತ್ತಾತು ಸಾಬ್ರೆ. ಕಾಲಿಗೆ ಇನ್ನೂ ಗೊತ್ತಾಗಿಲ್ಲ."

"ನಾನು ಓಡಿಸ್ತೀನ್ರಿ ಸಿಸ್ಟರಮ್ಮ" ಎಂದು ಬಕ್ಕೇಶ ಮುಂದೆ ಬಂದ.

ಉಸ್ತಾದರು ಅವನ ಅಂಗಿಯ ಹಿಂಭಾಗ ಹಿಡಿದು ನಿಲ್ಲಿಸಿದರು. ಅವನ ಕಡೆ ನೋಡಲೂ ಇಲ್ಲ. ಕೀಲಿ ಹಿಡಿದ ಕೈ ಹಾಗೇ ಚಾಚಿತ್ತು. ಎಪ್ಪತ್ತು ದಾಟಿದ ಕೈ, ಕೆಳಗಿಳಿಯಲಿಲ್ಲ.

ಕೊಟ್ರಮ್ಮ ಆ ಕೈ ನೋಡಿದರು. ಕೀಲಿ ತೆಗೆದುಕೊಂಡರು.

ಹಾಲಮ್ಮ ಪಕ್ಕದ ಸೀಟಿನಲ್ಲಿ ಕೂತು ಫೈಲನ್ನು ಎದೆಗೊತ್ತಿಕೊಂಡಳು. ಕಾರು ಶುರುವಾಯಿತು. ಒಮ್ಮೆ ಎಗರಿ, ನಿಂತುಬಿಟ್ಟಿತು.

ಬಕ್ಕೇಶನ ಬಾಯಿ ತೆರೆಯಿತು. ಕಷ್ಟಪಟ್ಟು ಮುಚ್ಚಿಕೊಂಡ.

ಕೊಟ್ರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಇದು ಮಾತ್ರ ನಾನೇ ಮಾಡಿದ್ದು!"

ಎರಡನೇ ಸಲ ಕಾರು ಎಗರಲಿಲ್ಲ. ಮೆಲ್ಲಗೆ ಅಂಗಳ ದಾಟಿತು, ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಕೊಟ್ರಮ್ಮನ ದನಿ ಹಿಂದಕ್ಕೆ ತೇಲಿ ಬಂತು.

"ಕೊಳ್ಳೋರು ಬಂದ್ರೆ ಹೇಳ್ರಿ, ಕಾರು ಡ್ಯೂಟಿ ಮೇಲೆ ಹೋಗೇತಿ ಅಂತ!"

ಗುರು ಶಿಷ್ಯರು ಅಲ್ಲೇ ಕಟ್ಟೆಯ ಮೇಲೆ ಕೂತರು. ಹತ್ತು ಗಂಟೆಗೆ ಬಂದವರಿಗೆ ಹಾಗೇ ಹೇಳಿ ಕಳಿಸಿದರು. ಆಮೇಲೆ ಗ್ಯಾರೇಜಿಗೆ ನಡೆದು ಹೊರಟರು.

ಸೇತುವೆಯ ಮೇಲೆ ಬಿಸಿಲಿತ್ತು. ಕೆಳಗೆ ನೀರು ಬಂಡೆಗಳ ನಡುವೆ ದಾರಿ ಹುಡುಕಿಕೊಂಡು ಹೋಗುತ್ತಿತ್ತು.

"ಉಸ್ತಾದ್."

"ಹ್ಞೂಂ."

"ನೀವು ಹೇಳಿಕೊಟ್ಟಿದ್ದನ್ನೆಲ್ಲ ಒಂದೂ ಬಿಡದೆ ಹಂಗೇ ಮಾಡೀನಿ ನಾನು."

"ಗೊತ್ತು."

"ಅದರಾಗೆ ಇನ್ನೂ ಎಷ್ಟು ತಪ್ಪಿರಬಹುದ್ರೀ?"

ಲಾರಿಯೊಂದು ಸೇತುವೆ ನಡುಗಿಸಿಕೊಂಡು ಹೋಯಿತು. ಅದು ದಾಟುವ ತನಕ ಉಸ್ತಾದರು ಕಾದರು.

"ನಾನಿರೋವಾಗಲೇ ಹುಡುಕು ಬಕ್ಕೇಶಿ. ಆಮೇಲೆ ನನ್ನ ಫೋಟೋ ಜೊತೆ ಆ ತಪ್ಪುಗಳಿಗೂ ಊದುಬತ್ತಿ ಹಚ್ಚಿಬಿಡ್ತೀಯ."